ಅಂಕಪಟ್ಟಿ ನೋಡಿ ಮನುಷ್ಯನಿಗೆ ಬೆಲೆ ಕಟ್ಟಬೇಡಿ



‘ಕೂಪರ್ ಕಪ್ ವೇಸ್ಟ್ ಪಿಕ್’ ಎಂಬ ಮಾತು ಕಳೆದ ಸೀಸನ್ ಪೂರ್ತಿ ನಮ್ಮ ಹುಡುಗರ ಬಾಯಲ್ಲಿ ಓಡಾಡಿತು. ವಯಸ್ಸಾಯಿತು, ಹೊಸ ತಂಡ, ಅವನ ಕತೆ ಮುಗಿಯಿತು ಎಂದರು ಕೆಲವರು. ನಂಬಿ ಆರಿಸಿಕೊಂಡೆವು, ಮೋಸ ಮಾಡಿದ ಎಂದರು ಇನ್ನು ಕೆಲವರು. ಮೊದಲನೆಯ ಮಾತನ್ನು ಲೆಕ್ಕಾಚಾರ ಎಂದು ಬಿಡಬಹುದು. ಎರಡನೆಯದನ್ನು ಬಿಡಲಾಗದು. ಯಾರು ಯಾರಿಗೆ ಮೋಸ ಮಾಡಿದರು? ಸಾವಿರಾರು ಮೈಲಿ ಆಚೆ ಒಬ್ಬ ಮನುಷ್ಯ ತನ್ನ ಕೆಲಸ ತಾನು ಮಾಡುತ್ತಿದ್ದರೆ, ಅವರ ಹೆಸರನ್ನು ಫೋನಿನಲ್ಲಿ ಒತ್ತಿ ಆರಿಸಿಕೊಂಡ ನಮಗೆ ಅವರು ಏನು ಬಾಕಿ ಇಟ್ಟಿದ್ದಾರೆ?

ಈ ಪ್ರಶ್ನೆ ಆಟದಿಂದ ಶುರುವಾಗುತ್ತದೆ, ಆದರೆ ಆಟದಲ್ಲೇ ಮುಗಿಯುವುದಿಲ್ಲ. ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಎರಡು ಮಾತು

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಿನಾಟವಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಹಿಡಿಯುತ್ತಾರೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೈದಾನದ ಅಂಚಿನಿಂದ ಓಡಿ ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ಫ್ಯಾಂಟಸಿ ಫುಟ್‌ಬಾಲ್ ಎಂದರೆ ನಿಜವಾದ ಆಟಗಾರರ ಹೆಸರುಗಳನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟುವುದು. ಅವರು ನಿಜವಾದ ಪಂದ್ಯದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. ಹೆಚ್ಚಿನ ಲೀಗ್‌ಗಳಲ್ಲಿ ನಡೆಯುವ ಲೆಕ್ಕ ಹೀಗೆ: ಒಂದು ಕ್ಯಾಚಿಗೆ 1 ಅಂಕ, ಹತ್ತು ಗಜಕ್ಕೆ 1 ಅಂಕ, ಒಂದು ಟಚ್‌ಡೌನ್‌ಗೆ 6 ಅಂಕ. ನಮ್ಮಲ್ಲಿ ಐಪಿಎಲ್ ಹೆಸರಲ್ಲಿ ಆಡುತ್ತಿದ್ದ ಫ್ಯಾಂಟಸಿ ಕ್ರಿಕೆಟ್‌ನ ಅಣ್ಣ ಇದು. ಹುಟ್ಟಿದ್ದು 1962ರಲ್ಲಿ. ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತು ಗೆಳೆಯರು ಕಾಗದ ಪೆನ್ನು ಹಿಡಿದು ಶುರು ಮಾಡಿದ ಹರಟೆಯಾಟ ಇಂದು ದೊಡ್ಡ ವ್ಯಾಪಾರ. ವಿದೇಶದಲ್ಲಿರುವ ಬಂಧುಗಳ ಜೊತೆ ಸೇರಿ ನಮ್ಮ ಹುಡುಗರೂ ಲೀಗ್ ಕಟ್ಟುವ ಕಾಲ ಬಂದಿದೆ.

ಇನ್ನು ಕೂಪರ್ ಕಪ್. ಹುಟ್ಟಿದ್ದು 1993ರಲ್ಲಿ, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ. ಶಾಲೆ ಮುಗಿಸಿದಾಗ ದೊಡ್ಡ ವಿಶ್ವವಿದ್ಯಾಲಯಗಳು ಕರೆಯಲಿಲ್ಲ. ಈಸ್ಟರ್ನ್ ವಾಷಿಂಗ್ಟನ್‌ನಲ್ಲಿ ಓದಿ ಆಡಿದರು. 2017ರ ಡ್ರಾಫ್ಟ್‌ನಲ್ಲಿ 69ನೆಯವರಾಗಿ ಲಾಸ್ ಏಂಜಲಿಸ್ ರ‍್ಯಾಮ್ಸ್ ಸೇರಿದರು. 2021ರಲ್ಲಿ 145 ಕ್ಯಾಚ್, 1,947 ಗಜ, 16 ಟಚ್‌ಡೌನ್. ಮೂರರಲ್ಲೂ ಆ ವರ್ಷ ಅವರೇ ಮೊದಲಿಗರು. 1970ರಿಂದೀಚೆಗೆ ಹಾಗೆ ಮಾಡಿದವರಲ್ಲಿ ನಾಲ್ಕನೆಯವರು. 2022ರ ಫೆಬ್ರವರಿ 13ರಂದು ನಡೆದ ಸೂಪರ್ ಬೌಲ್‌ನಲ್ಲಿ ಎರಡು ಟಚ್‌ಡೌನ್ ಹಿಡಿದು ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆಮೇಲೆ ಗಾಯಗಳ ಸರಣಿ. 2022ರಲ್ಲಿ ಆಡಿದ್ದು 9 ಪಂದ್ಯ. 2023 ಮತ್ತು 2024ರಲ್ಲಿ ಹನ್ನೆರಡು ಹನ್ನೆರಡು. 2025ರ ಆರಂಭದಲ್ಲಿ ತಂಡ ಅವರನ್ನು ಕಳುಹಿಸಿಬಿಡಲು ತೀರ್ಮಾನಿಸಿತು. ಅದು ತಮ್ಮ ಇಷ್ಟವಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಮಾರ್ಚ್‌ನಲ್ಲಿ ರ‍್ಯಾಮ್ಸ್ ಕೈಬಿಟ್ಟಿತು. ಎರಡೇ ದಿನಗಳಲ್ಲಿ ತವರು ರಾಜ್ಯದ ಸಿಯಾಟಲ್ ಸೀಹಾಕ್ಸ್ ಮೂರು ವರ್ಷಕ್ಕೆ ಕರೆದುಕೊಂಡಿತು.

ಅವರು ತಮ್ಮ ಕ್ರೈಸ್ತ ವಿಶ್ವಾಸವನ್ನು ಮುಚ್ಚಿಡದ ಆಟಗಾರ ಎಂಬುದು ಹಲವರಿಗೆ ಗೊತ್ತು. ಅದಕ್ಕಾಗಿ ನಾವು ಅವರ ಪರ ವಹಿಸುತ್ತಿಲ್ಲ. ಅವರು ವಿಶ್ವಾಸಿಯಲ್ಲದಿದ್ದರೂ ನಮ್ಮ ವಾದ ಇದೇ ಆಗಿರುತ್ತಿತ್ತು.

ಲೆಕ್ಕ ಹಾಕಿದವರು ತಪ್ಪು ಮಾಡಲಿಲ್ಲ

ಮೊದಲು ನ್ಯಾಯವಾದ ಮಾತು ಹೇಳಿಬಿಡೋಣ. ಸೀಸನ್‌ಗೆ ಮುಂಚೆ ‘ಕೂಪರ್ ಅವರನ್ನು ಮೊದಲ ಸುತ್ತುಗಳಲ್ಲಿ ತೆಗೆದುಕೊಳ್ಳಬೇಡಿ’ ಎಂದ ಗೆಳೆಯರು ಸುಮ್ಮನೆ ಹೇಳಿದ್ದಲ್ಲ. ಹೊಸ ತಂಡಕ್ಕೆ ಹೋಗುವ ಹಿರಿಯ ರಿಸೀವರ್ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಮೈ ಹೇಗಿದೆ? ಚೆಂಡು ಎಸೆಯುವವರು ಯಾರು? ಆ ಚೆಂಡಿಗೆ ಪಾಲುದಾರರು ಎಷ್ಟು ಮಂದಿ?

ಮೈಯ ಕತೆ ಮೇಲೆ ಹೇಳಿದ್ದೇವೆ. ಎಸೆಯುವವರು ಸ್ಯಾಮ್ ಡಾರ್ನಾಲ್ಡ್, ಅವರೂ ಆ ವರ್ಷವೇ ಮಿನ್ನೆಸೋಟದಿಂದ ಬಂದವರು. ತರಬೇತುದಾರರಲ್ಲಿ ದಾಳಿಯ ಯೋಜನೆ ಮಾಡುತ್ತಿದ್ದ ಕ್ಲಿಂಟ್ ಕುಬಿಯಾಕ್ ಕೂಡ ಆಗ ಹೊಸಬರು. ಎಲ್ಲಕ್ಕಿಂತ ಮುಖ್ಯವಾಗಿ, ಮೈದಾನದ ನಡುಭಾಗದಲ್ಲಿ ಕೂಪರ್ ಯಾವ ಜಾಗದಲ್ಲಿ ಆಡಿ ಹೆಸರು ಮಾಡಿದ್ದರೋ, ಅದೇ ಜಾಗದಲ್ಲಿ ಜ್ಯಾಕ್ಸನ್ ಸ್ಮಿತ್ ನ್ಜಿಗ್ಬಾ ಎಂಬ ಯುವಕ 2024ರಲ್ಲಿ 100 ಕ್ಯಾಚ್ ಹಿಡಿದು ಬೆಳೆದು ನಿಂತಿದ್ದರು. ಚೆಂಡು ಒಂದೇ, ಕೈಗಳು ಹಲವು.

ಹಳೆಯ ಉದಾಹರಣೆಗಳೂ ಎಚ್ಚರಿಸುತ್ತವೆ. ಜೂಲಿಯೋ ಜೋನ್ಸ್ 2021ರಲ್ಲಿ ಅಟ್ಲಾಂಟದಿಂದ ಟೆನೆಸ್ಸೀಗೆ ಹೋದಾಗ 31 ಕ್ಯಾಚ್, 434 ಗಜ, ಒಂದೇ ಒಂದು ಟಚ್‌ಡೌನ್. ಕೀನನ್ ಆ್ಯಲನ್ 2023ರಲ್ಲಿ ಚಾರ್ಜರ್ಸ್ ತಂಡದಲ್ಲಿ 108 ಕ್ಯಾಚ್ ಹಿಡಿದವರು, ಮರುವರ್ಷ ಶಿಕಾಗೋದಲ್ಲಿ 70ಕ್ಕೆ ಇಳಿದರು. ಇದಕ್ಕೆ ಎದುರು ಉದಾಹರಣೆಗಳೂ ಇವೆ. ಓಕ್ಲೆಂಡ್‌ನಲ್ಲಿ ಇವನ ಕಾಲ ಮುಗಿಯಿತು ಎನಿಸಿಕೊಂಡ ರ‍್ಯಾಂಡಿ ಮಾಸ್ ಅವರನ್ನು 2007ರಲ್ಲಿ ನ್ಯೂ ಇಂಗ್ಲೆಂಡ್ ತಂಡ ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಕೊಂಡುಕೊಂಡಿತು. ಆ ವರ್ಷ ಅವರು ಹಿಡಿದ 23 ಟಚ್‌ಡೌನ್ ದಾಖಲೆಯಾಯಿತು. ಜೆರ‍್ರಿ ರೈಸ್ ಅವರಂತೂ 16 ವರ್ಷ ಆಡಿದ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಕೊಲ್ಲಿಯ ಆಚೆ ದಡದ ಓಕ್ಲೆಂಡ್‌ಗೆ ಹೋಗಿ, 40 ತುಂಬಿದ 2002ರ ಸೀಸನ್‌ನಲ್ಲಿ 92 ಕ್ಯಾಚ್, 1,211 ಗಜ ಗಳಿಸಿದರು. ಆದರೆ ಮಾಸ್, ರೈಸ್ ಅಂಥವರು ಎಲ್ಲೋ ಒಬ್ಬರು. ಡ್ರಾಫ್ಟ್ ಮಾಡುವವನು ಅಪರೂಪವನ್ನೇ ನಂಬಿ ಕೂರಲಾಗದು ಎಂಬುದನ್ನು ನಾವೂ ಒಪ್ಪುತ್ತೇವೆ.

ಫಲಿತಾಂಶವೂ ಅವರ ಲೆಕ್ಕದಂತೆಯೇ ಬಂತು. 2021ರಲ್ಲಿ ಕ್ಯಾಚಿನಿಂದಲೇ 435ಕ್ಕೂ ಹೆಚ್ಚು ಫ್ಯಾಂಟಸಿ ಅಂಕ ತಂದುಕೊಟ್ಟಿದ್ದ ಕೂಪರ್, 2025ರಲ್ಲಿ 50 ಕ್ಯಾಚ್ ದಾಟಲಿಲ್ಲ, 600 ಗಜ ಮುಟ್ಟಲಿಲ್ಲ, ಟಚ್‌ಡೌನ್ ಎರಡೇ. ಅಂಕ 120ರ ಆಸುಪಾಸು. ಚೆಂಡೆಲ್ಲ ಆ ಯುವಕನ ಕಡೆ ಹೋಯಿತು. ಸ್ಮಿತ್ ನ್ಜಿಗ್ಬಾ ಇಡೀ ಲೀಗ್‌ನಲ್ಲೇ ಹೆಚ್ಚು ಗಜ ಗಳಿಸಿದ ರಿಸೀವರ್ ಆದರು.

ಹಾಗಾದರೆ ನಮ್ಮ ತಕರಾರು ಏನು?

ಪಟ್ಟಿಗೆ ಕಾಣದ್ದು

ನಮ್ಮ ತಕರಾರು ಇಷ್ಟೇ: ಲೆಕ್ಕ ಸರಿ, ತೀರ್ಪು ತಪ್ಪು. ಫ್ಯಾಂಟಸಿಯಲ್ಲಿ ಸೋತರು ಎನಿಸಿಕೊಂಡ ಅದೇ ವರ್ಷ ಕೂಪರ್ ಇದ್ದ ತಂಡ 14 ಪಂದ್ಯ ಗೆದ್ದು ಮೂರನ್ನಷ್ಟೇ ಸೋತಿತು. ಎನ್‌ಎಫ್‌ಸಿ ಫೈನಲ್‌ನಲ್ಲಿ ಎದುರಾಳಿ ಬೇರೆ ಯಾರೂ ಅಲ್ಲ, ಅವರನ್ನು ಬಿಟ್ಟುಕೊಟ್ಟ ರ‍್ಯಾಮ್ಸ್. ಆ ಪಂದ್ಯದಲ್ಲಿ ಕೂಪರ್ ಟಚ್‌ಡೌನ್ ಹಿಡಿದರು. ತಂಡ 31-27ರಿಂದ ಗೆದ್ದಿತು. 2026ರ ಫೆಬ್ರವರಿ 8ರಂದು ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡವನ್ನು 29-13ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು.

ಇಷ್ಟಕ್ಕೆ ಫ್ಯಾಂಟಸಿಯಲ್ಲಿ ಸಿಕ್ಕ ಅಂಕ ಎಷ್ಟು? ಸೊನ್ನೆ. ಯಾಕೆಂದರೆ ಬಹುಪಾಲು ಫ್ಯಾಂಟಸಿ ಲೀಗ್‌ಗಳು ಸೀಸನ್‌ನ 17ನೇ ವಾರಕ್ಕೇ ಬಾಗಿಲು ಹಾಕುತ್ತವೆ. ನಿಜವಾದ ತಂಡಗಳು ಯಾವುದಕ್ಕಾಗಿ ವರ್ಷವಿಡೀ ಬೆವರು ಸುರಿಸುತ್ತವೋ ಆ ಪಂದ್ಯಗಳು ಇನ್ನೂ ಶುರುವೇ ಆಗಿರುವುದಿಲ್ಲ. ಸುಗ್ಗಿಗೆ ಮುಂಚೆಯೇ ತಕ್ಕಡಿ ಎತ್ತಿಟ್ಟು ‘ಈ ಗದ್ದೆ ಬೆಳೆ ಕೊಡಲಿಲ್ಲ’ ಎನ್ನುವ ರೈತನನ್ನು ಎಲ್ಲಾದರೂ ಕಂಡಿದ್ದೀರಾ?

ಎರಡನೆಯದು ಇನ್ನೂ ಮುಖ್ಯ. ರಿಸೀವರ್ ಮಾಡುವ ಕೆಲಸ ಚೆಂಡು ಹಿಡಿಯುವುದೊಂದೇ ಅಲ್ಲ. ಬೇರೊಬ್ಬ ಚೆಂಡು ಹೊತ್ತು ಓಡುವಾಗ ಎದುರಾಳಿಗೆ ಅಡ್ಡ ನಿಂತು ದಾರಿ ಬಿಡಿಸಬೇಕು. ಇದನ್ನು ಬ್ಲಾಕ್ ಮಾಡುವುದು ಎನ್ನುತ್ತಾರೆ. ಮೈ ನೋಯುವ ಕೆಲಸ, ಚಪ್ಪಾಳೆ ಸಿಗದ ಕೆಲಸ. ಕೂಪರ್ ಈ ಕೆಲಸಕ್ಕೆ ಮೊದಲಿನಿಂದಲೂ ಹೆಸರಾದವರು. ಇನ್ನೊಂದು, ಚೆಂಡು ಬರುವುದಿಲ್ಲವೆಂದು ಗೊತ್ತಿದ್ದೂ ಪೂರ್ತಿ ವೇಗದಲ್ಲಿ ಓಡಿ ಒಬ್ಬ ಕಾವಲುಗಾರನನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವುದು. ಆಗ ಜೊತೆಯವನ ಕೈ ಬಿಡುವಾಗುತ್ತದೆ. ಇದಕ್ಕೆಲ್ಲ ಫ್ಯಾಂಟಸಿ ಅಂಕ ಇಲ್ಲ. ಆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಚೆಂಡು ಹೊತ್ತು ಓಡುವ ಕೆನೆತ್ ವಾಕರ್. ಓಡುವವನ ಹೆಸರು ಪಟ್ಟಿಯಲ್ಲಿ ಬರುತ್ತದೆ. ಅವನಿಗೆ ದಾರಿ ಬಿಡಿಸಿದವರ ಹೆಸರಿಗೆ ಅಲ್ಲಿ ಅಂಕಣವೇ ಇಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇಹ ಮತ್ತು ಅಂಗಗಳ ಹೋಲಿಕೆ ಕೊಟ್ಟದ್ದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕಲಿತದ್ದೇ. ಕಣ್ಣು ಕೈಯನ್ನು ಬೇಡವೆನ್ನಲಾಗದು, ತಲೆ ಕಾಲನ್ನು ಬೇಡವೆನ್ನಲಾಗದು. ದುರ್ಬಲವೆಂದು ಕಾಣುವ ಅಂಗವೇ ಹೆಚ್ಚು ಬೇಕಾದದ್ದು. ಕಂಠಪಾಠ ಒಪ್ಪಿಸಿ ಬಹುಮಾನ ಪಡೆದವರು ನಾವು. ಆದರೆ ಮನುಷ್ಯರನ್ನು ಅಳೆಯುವ ಹೊತ್ತು ಬಂದಾಗ ನಾವು ಕೈಗೆತ್ತಿಕೊಳ್ಳುವುದು ಕಣ್ಣಿಗೆ ಬಿದ್ದದ್ದನ್ನಷ್ಟೇ ಎಣಿಸುವ ಪಟ್ಟಿಯನ್ನು.

‘ಸುಮ್ಮನೆ ಒಂದು ಆಟ’ ಎನ್ನುವವರಿಗೆ

‘ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಉಪದೇಶವೇ? ಇದು ಸುಮ್ಮನೆ ಒಂದು ಆಟ’ ಎನ್ನುವ ಗೆಳೆಯರಿದ್ದಾರೆ. ಅವರಿಗೆ ಒಂದು ಘಟನೆ ನೆನಪಿಸುತ್ತೇವೆ. 2023ರ ಸೆಪ್ಟೆಂಬರ್‌ನಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡ ಸೋತ ಮೇಲೆ, ಅಲ್ಲಿ ಚೆಂಡು ಹೊತ್ತು ಓಡುತ್ತಿದ್ದ ಅಲೆಕ್ಸಾಂಡರ್ ಮ್ಯಾಟಿಸನ್ ಅವರಿಗೆ 60ಕ್ಕೂ ಹೆಚ್ಚು ನಿಂದನೆಯ ಸಂದೇಶಗಳು ಬಂದವು. ಬಣ್ಣ ಹಿಡಿದು ಬೈದವರಿದ್ದರು, ಸಾಯಿ ಎಂದವರಿದ್ದರು. ಶಿರಸ್ತ್ರಾಣದ ಒಳಗೆ ಇರುವುದು ಒಬ್ಬ ಮನುಷ್ಯ, ಒಬ್ಬ ತಂದೆ, ಒಬ್ಬ ಮಗ ಎಂದು ಅವರು ಬಹಿರಂಗವಾಗಿ ನೆನಪಿಸಬೇಕಾಯಿತು. ತಂಡವೂ ಲೀಗ್ ಕೂಡ ಆ ಸಂದೇಶಗಳನ್ನು ಖಂಡಿಸಿದವು.

ಹಾಗೆ ಬರೆದವರೆಲ್ಲ ರಾಕ್ಷಸರೇನಲ್ಲ. ಯಾರದೋ ಮನೆಯ ಮಕ್ಕಳು. ಅವರಲ್ಲಿ ಕೆಲವರು ಭಾನುವಾರ ದೇವಾಲಯಕ್ಕೂ ಹೋಗುವವರಿರಬಹುದು. ‘ವೇಸ್ಟ್’ ಎಂಬ ಮಾತಿಗೂ ‘ಸಾಯಿ’ ಎಂಬ ಮಾತಿಗೂ ಬಹಳ ದೂರವಿದೆ, ನಿಜ. ಆದರೆ ಎರಡೂ ಒಂದೇ ದಾರಿಯಲ್ಲಿವೆ. ಮನುಷ್ಯನನ್ನು ‘ನನ್ನ ಪಿಕ್’ ಎಂದು ಕರೆಯಲು ಶುರು ಮಾಡಿದಾಗಲೇ ಆ ದಾರಿಗೆ ಕಾಲಿಟ್ಟಾಯಿತು. ಮೊಣಕಾಲು ತಿರುಚಿ ಬಿದ್ದವನನ್ನು ಕಂಡು ಅಯ್ಯೋ ಎನ್ನುವ ಮೊದಲು ‘ಅಯ್ಯೋ ನನ್ನ ಅಂಕ’ ಎಂದರೆ, ಆಟ ನಮ್ಮೊಳಗೆ ಏನೋ ಕೆಲಸ ಮಾಡಿಬಿಟ್ಟಿದೆ ಎಂದೇ ಅರ್ಥ.

ಇದಕ್ಕೆ ದುಡ್ಡು ಸೇರಿದರೆ ಕೇಳುವುದೇ ಬೇಡ. ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲ್ಯದ ಆಟ, ಅದೃಷ್ಟದ ಆಟ ಎಂಬ ಹಳೆಯ ವಾದಕ್ಕೆ ಅದರಲ್ಲಿ ಜಾಗವಿಲ್ಲ. ಡ್ರೀಮ್ ಇಲೆವೆನ್ ಕೂಡ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಭಾರತ ತಂಡದ ಅಂಗಿಯ ಮೇಲಿನ ಅದರ ಹೆಸರೂ ಹೋಯಿತು. ಆದರೂ ‘ನಮ್ಮ ಗುಂಪಿನೊಳಗೆ ತಾನೇ, ತಲೆಗೆ ನೂರು ರೂಪಾಯಿ ತಾನೇ’ ಎಂಬ ಮಾತು ಕೇಳಿಬರುತ್ತಿದೆ. ಬೇಡ. ನೂರು ಸಣ್ಣದು ಎಂಬುದಕ್ಕಲ್ಲ. ಮತ್ತೊಬ್ಬನ ಮೊಣಕಾಲಿನ ಮೇಲೆ ನಾವು ಬಾಜಿ ಕಟ್ಟಬಾರದು ಎಂಬುದಕ್ಕೆ.

ಹಾಗೆಂದು ಫ್ಯಾಂಟಸಿ ಆಡುವುದೇ ಪಾಪ ಎನ್ನುವ ಹಿರಿಯರ ಮಾತನ್ನೂ ನಾವು ಒಪ್ಪುವುದಿಲ್ಲ. ದುಡ್ಡಿಲ್ಲದೆ, ಗೆಳೆಯರ ನಡುವೆ ಆಡುವ ಲೀಗ್ ಹರಟೆಗೊಂದು ನೆಪ. ದೂರದ ಊರುಗಳಿಗೆ ಚದುರಿಹೋದ ಅಣ್ಣತಮ್ಮಂದಿರು ವಾರಕ್ಕೊಮ್ಮೆ ಮಾತಾಡಲು ಅದೊಂದು ಕಾರಣವಾದರೆ ಒಳ್ಳೆಯದೇ. ಎಲ್ಲವನ್ನೂ ಒಂದೇ ಏಟಿಗೆ ಜೂಜು ಎಂದುಬಿಟ್ಟರೆ, ನಿಜವಾದ ಜೂಜನ್ನು ಜೂಜು ಎಂದಾಗ ಯುವಕರು ಕಿವಿಗೊಡುವುದಿಲ್ಲ.

ನಮ್ಮ ಅಂಗಳದ ‘ಹೊಸ ತಂಡದ ಹಿರಿಯರು’

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ. ಕೂಪರ್ ಅವರಿಗೆ ನಮ್ಮ ವಕಾಲತ್ತು ಬೇಕಾಗಿಲ್ಲ. ಅವರ ಕೈಯಲ್ಲಿ ಉಂಗುರವಿದೆ. ಆದರೆ ಇದೇ ಅಂಕಪಟ್ಟಿಯಿಂದ ನಾವು ನಮ್ಮ ಧರ್ಮಕೇಂದ್ರಗಳಲ್ಲಿ ಜನರನ್ನು ಅಳೆಯುತ್ತಿದ್ದೇವಲ್ಲ, ಅವರ ಪರವಾಗಿ ಯಾರು ಮಾತಾಡಬೇಕು?

ಗಡಿನಾಡಿನ ನಮ್ಮಂಥ ಧರ್ಮಕೇಂದ್ರಗಳಿಗೆ ಹಿರಿಯರು ಬೇರೆ ಕಡೆಯಿಂದ ಬರುತ್ತಲೇ ಇರುತ್ತಾರೆ. ನಿವೃತ್ತರಾಗಿ ಮಗನ ಮನೆಗೆ ಬಂದ ಮೇಷ್ಟ್ರು. ಗಲ್ಫ್‌ನಲ್ಲಿ ದುಡಿದು ಹಿಂದಿರುಗಿದ ಅಣ್ಣ. ತನ್ನ ಊರಿನ ಚರ್ಚಿನಲ್ಲಿ ಮೂವತ್ತು ವರ್ಷ ಹಾಡಿ, ಗಂಡ ತೀರಿಕೊಂಡ ಮೇಲೆ ಮಗಳ ಮನೆ ಸೇರಿದ ಅಮ್ಮ. ಇವರೆಲ್ಲ ಹೊಸ ತಂಡ ಸೇರಿದ ಹಿರಿಯ ಆಟಗಾರರೇ. ಬಲಿಪೂಜೆಯ ನಂತರ ಅಂಗಳದಲ್ಲಿ ನಾವು ಅವರ ‘ಔಟ್‌ಲುಕ್’ ಬರೆದುಬಿಡುತ್ತೇವೆ. ಸ್ವರ ನಡುಗುತ್ತದೆ, ಹೊಸ ಹಾಡು ಬರುವುದಿಲ್ಲ, ಮೈಕ್ ಹಿಡಿಯಲು ಗೊತ್ತಿಲ್ಲ, ಇಲ್ಲಿನ ಪದ್ಧತಿ ತಿಳಿಯದು. ಮೂರು ಭಾನುವಾರ ನೋಡಿ, ನಾಲ್ಕನೆಯ ಭಾನುವಾರ ಬೆಂಚಿಗೆ ಕಳುಹಿಸುತ್ತೇವೆ.

ಇದರಲ್ಲಿ ನಮ್ಮ ನಷ್ಟ ಏನು ಗೊತ್ತೇ? ನಮ್ಮ ಮಕ್ಕಳು ಓದುವುದು ಮಲಯಾಳಂನಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ, ತೆಲುಗಿನಲ್ಲಿ, ಇಲ್ಲವೇ ಇಂಗ್ಲಿಷ್‌ನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಕನ್ನಡದ ವಾಚನವನ್ನು ತಡವರಿಸದೆ ಓದಲು ಬರುವುದಿಲ್ಲ. ಅದನ್ನು ಅರ್ಥ ತಿಳಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಬಲ್ಲವರು ಉಳಿದಿರುವುದು ಆ ಹಿರಿಯರ ಸಾಲಿನಲ್ಲೇ. ನಾವು ‘ವೇಸ್ಟ್’ ಎಂದು ಬೆಂಚಿಗೆ ಕಳುಹಿಸಿದ ಮೇಷ್ಟ್ರ ಜೊತೆ ನಮ್ಮ ಕನ್ನಡ ಬಲಿಪೂಜೆಯೂ ಬೆಂಚಿಗೆ ಹೋಗುತ್ತಿದೆ. ಮುಂದೊಂದು ದಿನ ‘ಕನ್ನಡ ಓದುವವರೇ ಇಲ್ಲ, ಇನ್ನೊಂದು ಭಾಷೆಯಲ್ಲೇ ಪೂಜೆ ಇರಲಿ’ ಎಂದಾಗ ಬಿಷಪರನ್ನಾಗಲಿ ಸರ್ಕಾರವನ್ನಾಗಲಿ ದೂರಿ ಫಲವಿಲ್ಲ.

‘ಹಾಗಾದರೆ ಯುವಕರಿಗೆ ಅವಕಾಶ ಬೇಡವೇ?’ ಎಂದು ಕೇಳುತ್ತೀರಿ. ಸಿಯಾಟಲ್‌ನಲ್ಲಿ ನಡೆದದ್ದನ್ನೇ ನೋಡಿ. ಹಿರಿಯರು ಬಂದರೆಂದು ಯುವಕನ ಚೆಂಡು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಹಿರಿಯ ಆಟಗಾರ ತನ್ನ ಹಳೆಯ ಜಾಗಕ್ಕಾಗಿ ಜಗಳಕ್ಕೆ ನಿಲ್ಲಲಿಲ್ಲ. ಕಡಿಮೆ ಚೆಂಡು, ಹೆಚ್ಚು ದುಡಿಮೆ ಎಂಬ ಪಾಲನ್ನು ವಹಿಸಿಕೊಂಡರು. ಆದ್ದರಿಂದ ನಮ್ಮ ಈ ಮಾತು ಹಿರಿಯರಿಗೂ ಸಲ್ಲುತ್ತದೆ. ‘ನಮ್ಮ ಊರಿನಲ್ಲಿ ನಾನೇ ಎಲ್ಲ ಹಾಡುತ್ತಿದ್ದೆ’ ಎಂದು ಮೊದಲ ದಿನವೇ ಮುಂದೆ ನಿಲ್ಲಬೇಡಿ. ಪಕ್ಕದಲ್ಲಿ ನಿಂತು ಒಬ್ಬ ಹುಡುಗಿಗೆ ಓದಲು ಕಲಿಸಿದರೆ ಅದೂ ದಾರಿ ಬಿಡಿಸುವ ಕೆಲಸವೇ. ಅದಕ್ಕೆ ಅಂಕ ಸಿಗದಿರಬಹುದು, ದೇವರ ಲೆಕ್ಕದಲ್ಲಿ ಅದು ಕಳೆದುಹೋಗುವುದಿಲ್ಲ.

ಬೈಬಲ್‌ನಲ್ಲಿ ಕಾಲೇಬ್ 85ನೇ ವಯಸ್ಸಿನಲ್ಲಿ ಯೆಹೋಶುವನ ಮುಂದೆ ನಿಂತು ಕೇಳಿದ್ದು ವಿಶ್ರಾಂತಿಯನ್ನಲ್ಲ, ಇನ್ನೂ ಗೆಲ್ಲಬೇಕಿದ್ದ ಬೆಟ್ಟದ ಸೀಮೆಯನ್ನು. ಯೆಹೋಶುವ ವಯಸ್ಸು ಎಣಿಸುತ್ತ ಕೂರಲಿಲ್ಲ. ಹರಸಿ ಹೆಬ್ರೋನನ್ನು ಕೊಟ್ಟ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲೂ, ಸಂಜೆಯವರೆಗೆ ಸಂತೆಬೀದಿಯಲ್ಲಿ ನಿಂತವರು ಸೋಮಾರಿಗಳಾಗಿರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ, ಅಷ್ಟೇ. ನಮ್ಮ ಹಿಂದಿನ ಬೆಂಚುಗಳಲ್ಲಿ ಕೂತಿರುವವರ ಕತೆಯೂ ಹೆಚ್ಚುಕಡಿಮೆ ಇದೇ.

ನಾವು ಕೇಳುವುದು ಇಷ್ಟು

ಯುವಕ ಸಂಘಗಳು ಮೂರು ತೀರ್ಮಾನ ಮಾಡಲಿ. ಒಂದು, ಸಂಘದ ಹೆಸರಿನಲ್ಲಾಗಲಿ ಸದಸ್ಯರ ಗುಂಪಿನಲ್ಲಾಗಲಿ ಹಣ ಕಟ್ಟುವ ಲೀಗ್ ನಡೆಸಕೂಡದು. ಎರಡು, ಆಟಗಾರರನ್ನು ಟೀಕಿಸಿ, ಆಟವನ್ನು ಟೀಕಿಸಿ. ಗಾಯಗೊಂಡವರನ್ನೂ ವಯಸ್ಸಾದವರನ್ನೂ ಕಸವೆಂದು ಕರೆಯುವ ಮಾತು ನಮ್ಮ ಗುಂಪಿನಲ್ಲಿ ಬಂದರೆ ಅಲ್ಲೇ ತಡೆಯಿರಿ. ಮೂರು, ಈ ವರ್ಷ ನಿಮ್ಮ ಧರ್ಮಕೇಂದ್ರಕ್ಕೆ ಹೊಸದಾಗಿ ಬಂದ ಅರವತ್ತು ದಾಟಿದವರ ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿಯೊಬ್ಬರ ಮನೆಗೆ ಇಬ್ಬರು ಹೋಗಿ ಒಂದೇ ಪ್ರಶ್ನೆ ಕೇಳಿ: ‘ನೀವು ಅಲ್ಲಿ ಏನು ಮಾಡುತ್ತಿದ್ದಿರಿ? ಇಲ್ಲಿ ನಮ್ಮೊಂದಿಗೆ ಏನು ಮಾಡುತ್ತೀರಿ?’

ಮುಂದಿನ ಆಗಸ್ಟ್‌ನಲ್ಲಿ ಡ್ರಾಫ್ಟ್‌ಗೆ ಕೂತಾಗ ಹಿರಿಯ ರಿಸೀವರ್‌ನನ್ನು ಕೊನೆಯ ಸುತ್ತಿಗೆ ಬಿಡುತ್ತೀರೋ, ಬಿಡಿ. ಅದು ಲೆಕ್ಕ, ಅದರಲ್ಲಿ ತಪ್ಪಿಲ್ಲ. ಆದರೆ ದೇವಾಲಯದ ಮೆಟ್ಟಿಲು ಹತ್ತುವಾಗ ಆ ಪಟ್ಟಿಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬನ್ನಿ.